ಮೈದಾನಕ್ಕಿಳಿಯುವ ಮೊದಲು

ಸಂಘದ ಮಕ್ಕಳ ಕ್ರೀಡಾಕೂಟದ ಸಿದ್ಧತೆಗೆಂದು ಕರೆದಿದ್ದ ಸಭೆ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಸದಸ್ಯೆಯೊಬ್ಬರು ನನ್ನ ಬಳಿ ಬಂದರು. "ಮಗನನ್ನು ಫುಟ್‌ಬಾಲ್ ಲೀಗಿಗೆ ಸೇರಿಸಬೇಕೆಂದಿದ್ದೇವೆ. ಹತ್ತು ವರ್ಷ ಅವನಿಗೆ. ಸೇರುವ ಮೊದಲು ಏನೇನು ತಿಳಿದಿರಬೇಕು, ಒಂದು ಪಟ್ಟಿ ಮಾಡಿ ಕೊಡಿ" ಎಂದರು. ಕೆಲಸದಲ್ಲಿದ್ದ ಕಾಲದಲ್ಲಿ ನಾನು ಭಾನುವಾರಗಳಂದು ಆಫೀಸು ತಂಡಗಳ ಪಂದ್ಯಗಳಿಗೆ ರೆಫ್ರಿಯಾಗಿ ಸೀಟಿ ಊದಿದವನೆಂಬುದು ಅವರಿಗೆ ಗೊತ್ತು. ಅಲ್ಲೇ ಒಂದು ಕಾಗದದ ಮೇಲೆ ಬರೆದು ಕೊಟ್ಟೆ. ಅವರು ಸಂತೋಷದಿಂದ ಹೋದರು. ಆದರೆ ಮನೆಗೆ ಮರಳುವ ಲೋಕಲ್ ಗಾಡಿಯಲ್ಲಿ ಕುಳಿತಾಗ, ಆ ಪಟ್ಟಿಯಲ್ಲಿ ಮುಖ್ಯವಾದುದನ್ನೇ ಬಿಟ್ಟೆನಲ್ಲ ಎನಿಸಿತು. ಬಿಟ್ಟದ್ದು ಮರೆವಿನಿಂದಲ್ಲ, ಸಂಕೋಚದಿಂದ. ಆ ಸಂಕೋಚಕ್ಕೆ ಕಾರಣವೇನೆಂಬುದನ್ನೂ ಸೇರಿಸಿ ಈಗ ಬರೆಯುತ್ತಿದ್ದೇನೆ.

ಮೊದಲು ಆ ಪಟ್ಟಿಯನ್ನೇ ಹೇಳಿಬಿಡುತ್ತೇನೆ. ಉಳಿದ ತಂದೆತಾಯಂದಿರಿಗೂ ಪ್ರಯೋಜನವಾದೀತು. ಹನ್ನೆರಡರ ಒಳಗಿನ ಮಕ್ಕಳು ಸಾಮಾನ್ಯವಾಗಿ ಆಡುವುದು 4ನೇ ನಂಬರಿನ ಚೆಂಡಿನಲ್ಲಿ. ದೊಡ್ಡವರ 5ನೇ ನಂಬರಿನ ಚೆಂಡನ್ನು ತಂದು ಮನೆಯಲ್ಲಿ ಅಭ್ಯಾಸ ಮಾಡಿಸಬೇಡಿ. ಮೈದಾನ ಚಿಕ್ಕದು, ತಂಡವೂ ಚಿಕ್ಕದು. ಐವರ ಅಥವಾ ಏಳು ಜನರ ಪಂದ್ಯಗಳೇ ಹೆಚ್ಚು. ಮೊಣಕಾಲಿನ ಕೆಳಗಿನ ಎಲುಬಿಗೆ ರಕ್ಷಣೆ ಕೊಡುವ ಶಿನ್‌ಗಾರ್ಡ್ ಕಡ್ಡಾಯ, ಅದು ಕಾಲುಚೀಲದ ಒಳಗೇ ಇರಬೇಕು. ಮೈಮೇಲೆ ಒಡವೆ ಇರಕೂಡದು. ಕಿವಿಯ ಓಲೆ, ಕೊರಳ ಸರ, ಕೈಯ ಬಳೆ ಇವುಗಳ ಮೇಲೆ ಪಟ್ಟಿ ಅಂಟಿಸಿಕೊಂಡು ಬಂದರೂ ನಿಯಮ ಒಪ್ಪುವುದಿಲ್ಲ, ತೆಗೆದಿಟ್ಟೇ ಬರಬೇಕು. ಅಜ್ಜಿ ಹಾಕಿದ ಸರವಾದರೆ ಹಿಂದಿನ ರಾತ್ರಿಯೇ ಅಜ್ಜಿಯ ಒಪ್ಪಿಗೆ ಪಡೆಯುವುದು ಲೇಸು. ಎಳೆಯ ಮಕ್ಕಳು ತಲೆಯಿಂದ ಚೆಂಡು ಹೊಡೆಯುವ ಅಭ್ಯಾಸ ಬೇಡ. ಅಮೆರಿಕದ ಫುಟ್‌ಬಾಲ್ ಸಂಸ್ಥೆ ಹತ್ತು ವರ್ಷ ಮತ್ತು ಅದಕ್ಕಿಂತ ಕೆಳಗಿನ ಮಕ್ಕಳಿಗೆ 2015ರಲ್ಲೇ ಅದನ್ನು ನಿಷೇಧಿಸಿತು. ನೀರಿನ ಬಾಟಲಿ ಮರೆಯಬೇಡಿ. ಕೊನೆಯದಾಗಿ, ಎಲ್ಲ ಪಂದ್ಯಗಳಲ್ಲೂ ಎಲ್ಲ ಹೊತ್ತೂ ಆಡಲು ಸಿಗುವುದಿಲ್ಲ. ಬೆಂಚಿನ ಮೇಲೆ ಕುಳಿತು ಗೆಳೆಯನ ಆಟಕ್ಕೆ ಚಪ್ಪಾಳೆ ತಟ್ಟುವುದೂ ಆಟದ ಭಾಗವೇ ಎಂದು ಮಗುವಿಗೆ ಮೊದಲೇ ಹೇಳಿ.

ಇಷ್ಟೇ ಪಟ್ಟಿ. ಇದರಲ್ಲಿ ತಪ್ಪೇನೂ ಇಲ್ಲ. "ಫುಟ್‌ಬಾಲ್ ನಮ್ಮವರ ಆಟವೇ?" ಎಂದು ಕೇಳುವ ಹಿರಿಯರಿಗೂ ಉತ್ತರ ಉಂಟು. ಇದೇ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ, ಮತ್ತೆ 1938ರಲ್ಲಿ ಗೆದ್ದುಕೊಂಡು ಹೋದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ, ಹೆಚ್ಚಿನ ಆಟಗಾರರು ಬರಿಗಾಲಿನಲ್ಲೇ ಆಡಿದ ನಮ್ಮ ದೇಶದ ತಂಡದ ಪರವಾಗಿ ಗೋಲು ಹೊಡೆದವರು ಮೈಸೂರಿನ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್. 1968-69ರ ನಂತರ ಕೈಗೆಟುಕದಿದ್ದ ಸಂತೋಷ್ ಟ್ರೋಫಿಯನ್ನು ಕರ್ನಾಟಕ 2023ರಲ್ಲಿ ಮತ್ತೆ ಗೆದ್ದಿತು. ಆದ್ದರಿಂದ ಆಟ ನಮ್ಮದೋ ಪರರದೋ ಎಂಬುದು ಪ್ರಶ್ನೆಯಲ್ಲ. ಪ್ರಶ್ನೆ ಬೇರೆಯೇ ಇದೆ. ಅದನ್ನು ನನಗೆ ಕೇಳಿದವನು ನನ್ನ ಮೊಮ್ಮಗ.

ಅವನಿಗೆ ಹನ್ನೊಂದು ವರ್ಷ. ನಮ್ಮ ಉಪನಗರದ ಮಕ್ಕಳ ಲೀಗೊಂದರಲ್ಲಿ ಆಡುತ್ತಾನೆ. ಒಂದು ಭಾನುವಾರ ಬೆಳಿಗ್ಗೆ ನಾನೇ ಅವನನ್ನು ಕರೆದುಕೊಂಡು ಹೋಗಿದ್ದೆ. ಎರಡೂ ತಂಡಗಳು ಒಂದೊಂದು ಗೋಲು ಹೊಡೆದು ಸಮ ಸಮ. ಮುಗಿಯಲು ಇನ್ನು ನಾಲ್ಕೈದು ನಿಮಿಷವಿರಬಹುದು. ಮೂಲೆಯಿಂದ ಬಂದ ಚೆಂಡು ನಾಲ್ಕಾರು ಹುಡುಗರ ನಡುವೆ ಪುಟಿದು ಇವನ ಮಣಿಕಟ್ಟಿಗೆ ತಗುಲಿ ಗೋಲಿನೊಳಕ್ಕೆ ಉರುಳಿತು. ಬೇಕೆಂದು ಕೈ ಚಾಚಿದ್ದಲ್ಲ. ಚೆಂಡೇ ಬಂದು ಕೈಗೆ ಬಡಿದದ್ದು. ರೆಫ್ರಿಯ ದೃಷ್ಟಿಗೆ ಅಡ್ಡವಾಗಿ ಮೂವರು ಹುಡುಗರಿದ್ದರು. ಆತ ಸೀಟಿ ಊದಿ ನಡುಗೆರೆಯ ಕಡೆ ಕೈ ತೋರಿಸಿದ. ಎದುರು ತಂಡದ ಗೋಲ್‌ಕೀಪರ್ ಹುಡುಗ "ಹ್ಯಾಂಡ್, ಹ್ಯಾಂಡ್" ಎಂದು ಕೂಗುತ್ತ ಓಡಿ ಬಂದ. ರೆಫ್ರಿಯೊಡನೆ ವಾದ ಮಾಡಬೇಡವೆಂದು ಅವನ ಕೋಚೇ ಗದರಿಸಿ ಹಿಂದಕ್ಕೆ ಕಳಿಸಿದರು. ನಮ್ಮ ಹುಡುಗರು ಮೊಮ್ಮಗನ ಮೇಲೆ ಬಿದ್ದು ಕುಣಿದರು. ಎರಡು-ಒಂದರಿಂದ ಗೆಲುವು.

ಮನೆಯಲ್ಲಿ ಪಾಯಸವಾಯಿತು. ಅವನು ಮುಟ್ಟಲಿಲ್ಲ. ರಾತ್ರಿ ನನ್ನ ಹಾಸಿಗೆಯ ಬಳಿ ಬಂದು ಕುಳಿತು, "ಅಜ್ಜ, ನಾನು ಸುಳ್ಳು ಹೇಳಲಿಲ್ಲ, ಅಲ್ವಾ? ನನ್ನನ್ನು ಯಾರೂ ಕೇಳಲೇ ಇಲ್ಲ" ಎಂದ.

"ರೆಫ್ರಿ ಕೊಟ್ಟ ಮೇಲೆ ಅದು ಗೋಲೇ ಮರಿ. ಆಟದಲ್ಲಿ ಇದೆಲ್ಲ ಇದ್ದದ್ದೇ" ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಆ ಗೋಲ್‌ಕೀಪರ್ ಯಾಕೆ ಅಳ್ತಿದ್ದ?" ಎಂದು ಕೇಳಿದ.

ನನಗೆ ಉತ್ತರ ಹೊಳೆಯಲಿಲ್ಲ. ಹೊಳೆಯದಿರುವುದಕ್ಕೆ ಇನ್ನೊಂದು ಕಾರಣವೂ ಇತ್ತು. ನಾನು ಆ ಗೋಲಿನ ಹಿಂಬದಿಯಲ್ಲೇ ನಿಂತಿದ್ದೆ. ಚೆಂಡು ಕೈಗೆ ತಗುಲಿದ್ದನ್ನು ಕಣ್ಣಾರೆ ಕಂಡಿದ್ದೆ. ಕಂಡೂ ಎಲ್ಲರೊಡನೆ ಚಪ್ಪಾಳೆ ತಟ್ಟಿದ್ದೆ. ನೋಡಲು ಬಂದವನ ಮಾತು ಕೇಳಿ ರೆಫ್ರಿ ತೀರ್ಪು ಬದಲಿಸಲಾರ, ಬದಲಿಸಲೂಬಾರದು. ಆದ್ದರಿಂದ ನಾನು ಕೂಗಿ ಹೇಳಬೇಕಿತ್ತೆಂದು ನನ್ನ ಮಾತಲ್ಲ. ಆದರೆ ಚಪ್ಪಾಳೆ ತಟ್ಟೆಂದು ನನಗೆ ಯಾರೂ ಹೇಳಿರಲಿಲ್ಲವಲ್ಲ! ಆ ಹುಡುಗ ಗೆಳೆಯರ ರಾಶಿಯ ಅಡಿಯಿಂದ ಎದ್ದು ಮೊದಲು ನೋಡಿದ್ದು ನನ್ನ ಕಡೆಗೆ. ನನ್ನ ಚಪ್ಪಾಳೆಯನ್ನು ಕಂಡ ಮೇಲೆ ಅವನು ತಿರುಗಿ ತನ್ನ ಜಾಗಕ್ಕೆ ಓಡಿದ. ಆ ಸದಸ್ಯೆಗೆ ಪಟ್ಟಿ ಬರೆದು ಕೊಡುವಾಗ ನನ್ನ ಕೈ ತಡೆದದ್ದು ಈ ನೆನಪೇ.

ಇನ್ನು ವಿಷಯಕ್ಕೆ ಬರೋಣ. ನಿಯಮ ಏನನ್ನುತ್ತದೆ? ಕೈಗೆ ಅಕಸ್ಮಾತ್ತಾಗಿ ತಗುಲಿದರೂ ಸರಿಯೆ, ಆ ಕೈಯಿಂದಲೇ ಚೆಂಡು ಗೋಲಿನೊಳಕ್ಕೆ ಹೋದರೆ ಅದು ಗೋಲಲ್ಲ. ಅಂದರೆ ಮೊಮ್ಮಗನ ಕೈಗೆ ಚೆಂಡು ಬಡಿದದ್ದರಲ್ಲಿ ಅವನ ದೋಷವೇನೂ ಇರಲಿಲ್ಲ. ಆದರೂ ಆ ಗೋಲು ನ್ಯಾಯವಾದುದಾಗಿರಲಿಲ್ಲ. ಅದೇ ನಿಯಮಾವಳಿ ಇನ್ನೊಂದು ಮಾತನ್ನೂ ಹೇಳುತ್ತದೆ: ಆಟದ ಸಂಗತಿಗಳ ಬಗ್ಗೆ ರೆಫ್ರಿಯ ತೀರ್ಪೇ ಕೊನೆಯದು. ತಾನು ತಪ್ಪಿದೆನೆಂದು ತಿಳಿದರೆ ಆತ ತೀರ್ಪನ್ನು ಬದಲಿಸಬಹುದು, ಆದರೆ ಆಟ ಪುನಃ ಆರಂಭವಾಗುವ ಮೊದಲು ಮಾತ್ರ. ಗೋಲಾದ ಮೇಲೆ ಚೆಂಡನ್ನು ನಡುಗೆರೆಗೆ ತಂದಿಟ್ಟು ಮತ್ತೆ ಒದೆಯುವವರೆಗೆ ಮಕ್ಕಳ ಪಂದ್ಯದಲ್ಲಿ ಎಷ್ಟು ಹೊತ್ತು ಹಿಡಿದೀತು? ಅರ್ಧ ನಿಮಿಷ. ಮೈದಾನದಲ್ಲಿ ಸತ್ಯಕ್ಕೆ ಇರುವ ಆಯುಸ್ಸು ಅಷ್ಟೇ. ಆಮೇಲೆ ಹೇಳಿದರೆ ಅದು ಪಶ್ಚಾತ್ತಾಪವಾದೀತು, ನ್ಯಾಯವಾಗಲಾರದು.

ದೊಡ್ಡವರ ಆಟದಲ್ಲಿ ಇದರ ದೃಷ್ಟಾಂತಗಳಿವೆ. 2009ರ ನವೆಂಬರಿನಲ್ಲಿ ವಿಶ್ವಕಪ್ ಅರ್ಹತೆಗಾಗಿ ಫ್ರಾನ್ಸ್ ಮತ್ತು ಐರ್ಲೆಂಡ್ ಆಡಿದ ಪಂದ್ಯದಲ್ಲಿ ಥಿಯರಿ ಆನ್ರಿ ಚೆಂಡನ್ನು ಕೈಯಿಂದ ತಡೆದು ಜೊತೆಗಾರನಿಗೆ ಕೊಟ್ಟ, ಅದು ಗೋಲಾಯಿತು, ಫ್ರಾನ್ಸ್ ವಿಶ್ವಕಪ್ಪಿಗೆ ಹೋಯಿತು. ಪಂದ್ಯ ಮುಗಿದ ಮೇಲೆ ಆತ ಕೈ ತಗುಲಿದ್ದು ನಿಜವೆಂದು ಒಪ್ಪಿಕೊಂಡ. ಪಂದ್ಯವನ್ನು ಮತ್ತೆ ಆಡಿಸುವುದೇ ನ್ಯಾಯವೆಂದೂ ಹೇಳಿದ. ಫಿಫಾ ಒಪ್ಪಲಿಲ್ಲ. ಆತನ ಮಾತು ಪ್ರಾಮಾಣಿಕವಾಗಿದ್ದಿರಬಹುದು, ಆದರೆ ಅರ್ಧ ನಿಮಿಷ ಎಂದೋ ಕಳೆದುಹೋಗಿತ್ತು.

ಇದಕ್ಕೆ ಎದುರಾಗಿ ಜರ್ಮನಿಯ ಮಿರೊಸ್ಲಾವ್ ಕ್ಲೋಸೆಯನ್ನು ನೋಡಿ. 2012ರ ಸೆಪ್ಟೆಂಬರಿನಲ್ಲಿ ಇಟಲಿಯ ಲಾಜಿಯೊ ತಂಡಕ್ಕಾಗಿ ನಾಪೊಲಿಯ ವಿರುದ್ಧ ಆಡುತ್ತಿದ್ದಾಗ ಪಂದ್ಯದ ಆರಂಭದಲ್ಲೇ ಆತನ ಕೈಗೆ ತಗುಲಿ ಚೆಂಡು ಗೋಲಿನೊಳಕ್ಕೆ ಹೋಯಿತು. ರೆಫ್ರಿ ಗೋಲು ಕೊಟ್ಟ. ಕ್ಲೋಸೆ ತಾನೇ ಹೋಗಿ ಕೈ ತಗುಲಿತೆಂದು ಹೇಳಿದ, ಗೋಲು ರದ್ದಾಯಿತು. ಸತ್ಯ ಹೇಳಿದ್ದಕ್ಕೆ ಆತನ ತಂಡ ಗೆದ್ದಿತೆಂದು ಬರೆಯಲು ನನಗೂ ಆಸೆ. ಆದರೆ ಲಾಜಿಯೊ ಆ ದಿನ ಮೂರು-ಸೊನ್ನೆಯಿಂದ ಸೋತಿತು. ಮಕ್ಕಳಿಗೆ ಈ ಕತೆ ಹೇಳುವಾಗ ಆ ಸೋಲನ್ನು ಮುಚ್ಚಿಡಬಾರದು. ಸತ್ಯಕ್ಕೆ ಬಹುಮಾನ ಬಂದೇ ಬರುತ್ತದೆಂದು ನಂಬಿಸಿ ಕಳಿಸಿದ ಮಗು, ಬಹುಮಾನ ಬಾರದ ಮೊದಲ ದಿನವೇ ಸತ್ಯವನ್ನು ಬಿಟ್ಟೀತು.

ಕ್ಲೋಸೆಯ ವಿಷಯದಲ್ಲಿ ಇನ್ನೊಂದು ಸಂಗತಿ ಗಮನಿಸತಕ್ಕದ್ದು. ಅದಕ್ಕೆ ಏಳು ವರ್ಷ ಮೊದಲೇ, 2005ರಲ್ಲಿ, ಜರ್ಮನಿಯ ವೆರ್ಡರ್ ಬ್ರೆಮೆನ್ ತಂಡದಲ್ಲಿದ್ದಾಗ, ತನಗೆ ಸಿಕ್ಕಿದ ಪೆನಾಲ್ಟಿ ನ್ಯಾಯವಲ್ಲವೆಂದು ಆತ ರೆಫ್ರಿಗೆ ಹೇಳಿ ಅದನ್ನು ಬಿಟ್ಟುಕೊಟ್ಟಿದ್ದ. ಅಂದರೆ 2012ರ ಆ ಅರ್ಧ ನಿಮಿಷದಲ್ಲಿ ಆತ ಹೊಸದಾಗಿ ಯೋಚಿಸಬೇಕಾಗಿರಲಿಲ್ಲ. ಯೋಚನೆ ಎಂದೋ ಮುಗಿದಿತ್ತು.

ಈಗ ಆಕ್ಷೇಪಣೆಗಳನ್ನು ನೋಡೋಣ. ನಾನೇ ನನಗೆ ಹೇಳಿಕೊಂಡವು ಇವು, ಆದ್ದರಿಂದ ಹಗುರಾಗಿ ತಳ್ಳಿಹಾಕುವುದಿಲ್ಲ.

ಮೊದಲನೆಯದು: ತೀರ್ಪು ಕೊಡುವುದು ರೆಫ್ರಿಯ ಕೆಲಸ, ಮಗು ಏಕೆ ಮಾಡಬೇಕು? ಒಪ್ಪತಕ್ಕ ಮಾತೇ. ತೀರ್ಪು ರೆಫ್ರಿಯದು. ಆದರೆ ಸಾಕ್ಷಿ? 1997ರಲ್ಲಿ ಲಿವರ್‌ಪೂಲ್ ತಂಡದ ರಾಬಿ ಫೌಲರ್, ಆರ್ಸೆನಲ್‌ನ ಗೋಲ್‌ಕೀಪರ್ ತನ್ನನ್ನು ಬೀಳಿಸಲಿಲ್ಲವೆಂದು ರೆಫ್ರಿಗೆ ಕೈಯಾಡಿಸಿ ಹೇಳಿದ. ರೆಫ್ರಿ ಒಪ್ಪದೆ ಪೆನಾಲ್ಟಿ ಕೊಟ್ಟೇಬಿಟ್ಟ. ಫೌಲರ್ ಒದ್ದದ್ದನ್ನು ಕೀಪರ್ ತಡೆದ. ಮರಳಿ ಪುಟಿದ ಚೆಂಡನ್ನು ಜೊತೆಗಾರ ಗೋಲಿಗೆ ಹೊಡೆದ. ಫೌಲರ್‌ನ ಸತ್ಯ ಫಲ ಕೊಡಲಿಲ್ಲ, ಆದರೆ ಅವನ ಕರ್ತವ್ಯ ಮುಗಿದಿತ್ತು. ಹೇಳುವುದು ಆಟಗಾರನದು, ತೀರ್ಮಾನಿಸುವುದು ರೆಫ್ರಿಯದು. ಎರಡನ್ನೂ ಬೆರೆಸಬಾರದು.

ಎರಡನೆಯದು: ಕೇಳದೆ ಇದ್ದಾಗ ಸುಮ್ಮನಿರುವುದು ಸುಳ್ಳೇ? ನಮ್ಮ ಹಿರಿಯರು ಮಹಾಭಾರತದ ಧರ್ಮರಾಯನ ಅರ್ಧಸತ್ಯವನ್ನು ಇಂದಿಗೂ ಮರೆತಿಲ್ಲ. ಅಶ್ವತ್ಥಾಮ ಸತ್ತನೆಂದು ಗಟ್ಟಿಯಾಗಿ ಹೇಳಿ, ಸತ್ತದ್ದು ಆನೆ ಎಂಬುದನ್ನು ಕೇಳಿಸದಂತೆ ನುಡಿದ. ಅದುವರೆಗೆ ನೆಲದಿಂದ ನಾಲ್ಕು ಬೆರಳು ಮೇಲಿದ್ದ ಅವನ ರಥ ಕೆಳಗಿಳಿಯಿತು ಎನ್ನುತ್ತಾರೆ. ಆದರೆ ಧರ್ಮರಾಯನನ್ನು ದ್ರೋಣರು ಕೇಳಿದ್ದರು. ನನ್ನ ಮೊಮ್ಮಗನನ್ನು ಯಾರೂ ಕೇಳಲಿಲ್ಲ. ಆ ಹುಡುಗನ ವಾದದಲ್ಲಿ ಹುರುಳಿದೆ. ಪ್ರಪಂಚದ ಎಲ್ಲ ಸಂಗತಿಗಳನ್ನೂ ಕೇಳದೆಯೇ ಹೇಳುತ್ತ ಹೋಗುವುದು ಧರ್ಮವಲ್ಲ, ಕೆಲವೊಮ್ಮೆ ಚಾಡಿಯೂ ಆದೀತು.

ಹಾಗಾದರೆ ಎಲ್ಲಿ ಹೇಳಬೇಕು? ನನಗೆ ತೋರುವುದು ಹೀಗೆ. ಸಂಗತಿ ನನಗೆ ನಿಸ್ಸಂದೇಹವಾಗಿ ಗೊತ್ತಿರಬೇಕು. ತೀರ್ಪು ಕೊಡುವವನಿಗೆ ಅದು ಗೊತ್ತಿರಬಾರದು. ಆ ತಿಳಿಯದಿರುವಿಕೆಯಿಂದ ಲಾಭ ನನಗೆ ಬರುತ್ತಿರಬೇಕು. ಈ ಮೂರೂ ಒಂದುಗೂಡಿದಾಗ ಮೌನ ಬರಿಯ ಮೌನವಾಗಿ ಉಳಿಯುವುದಿಲ್ಲ; ಸುಳ್ಳು ಲೆಕ್ಕಕ್ಕೆ ಹಾಕಿದ ಸಹಿಯಾಗುತ್ತದೆ. ಮೂರರಲ್ಲಿ ಒಂದು ಇಲ್ಲದಿದ್ದರೂ ಹುಡುಗ ತನ್ನ ಪಾಡಿಗೆ ಆಡಲಿ. ಗೆರೆ ದಾಟಿದ ಚೆಂಡು ಕೊನೆಗೆ ಯಾರ ಕಾಲಿಗೆ ತಗುಲಿತ್ತೆಂದು ತನಗೇ ಗೊತ್ತಿಲ್ಲದಿದ್ದರೆ ತಲೆ ಕೆಡಿಸಿಕೊಳ್ಳುವುದು ಬೇಡ. ಜೊತೆಗಾರನ ತಪ್ಪನ್ನು ಹುಡುಕಿ ಹೇಳುವ ಪೊಲೀಸನಾಗುವುದೂ ಬೇಡ.

ಮೂರನೆಯದೇ ಎಲ್ಲಕ್ಕಿಂತ ಕಠಿಣ. ಆ ಗೋಲು ಮೊಮ್ಮಗನೊಬ್ಬನದಲ್ಲ. ಆರು ಜೊತೆಗಾರರು ಅವನೊಡನೆ ಬೆವರು ಸುರಿಸಿದ್ದರು, ಬೆಂಚಿನ ಮೇಲೆ ಇನ್ನೂ ಮೂವರಿದ್ದರು. ಅವರೆಲ್ಲರ ಗೆಲುವನ್ನು ತನ್ನ ಮನಸ್ಸಾಕ್ಷಿಯ ನೆಮ್ಮದಿಗಾಗಿ ಕೊಟ್ಟುಬಿಡುವ ಅಧಿಕಾರ ಅವನಿಗೆಲ್ಲಿದೆ? ಸ್ವಂತ ಜೇಬಿನಿಂದ ದಾನ ಮಾಡುವುದು ಬೇರೆ, ಹತ್ತು ಜನರ ಜೇಬಿನಿಂದ ಮಾಡುವುದು ಬೇರೆ ಅಲ್ಲವೆ?

ಇಲ್ಲಿ ನಮ್ಮವರೇ ಒಬ್ಬರು ನೆನಪಾಗುತ್ತಾರೆ. ಆಟ ಬೇರೆಯಾದರೂ ಊರು ಇದೇ. 1980ರ ಫೆಬ್ರವರಿಯಲ್ಲಿ ವಾಂಖೆಡೆ ಮೈದಾನದಲ್ಲಿ ಇಂಗ್ಲೆಂಡಿನ ಎದುರು ನಡೆದ ಸುವರ್ಣ ಮಹೋತ್ಸವ ಟೆಸ್ಟಿಗೆ ಭಾರತದ ನಾಯಕರು ಭದ್ರಾವತಿಯ ಜಿ. ಆರ್. ವಿಶ್ವನಾಥ್. ಇಂಗ್ಲೆಂಡ್ 58 ರನ್ನಿಗೆ 5 ವಿಕೆಟ್ ಕಳೆದುಕೊಂಡಿದ್ದ ಮೇಲೆ ಜೊತೆಗೂಡಿದವರು ಬೋಥಂ ಮತ್ತು ಬಾಬ್ ಟೇಲರ್. ಕಪಿಲ್ ದೇವ್ ಎಸೆತದಲ್ಲಿ ಟೇಲರ್ ವಿಕೆಟ್‌ಕೀಪರಿಗೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಬೆರಳೆತ್ತಿದರು. ಸ್ಲಿಪ್ಪಿನಲ್ಲಿ ನಿಂತಿದ್ದ ವಿಶ್ವನಾಥರಿಗೆ ಚೆಂಡು ಬ್ಯಾಟಿಗೆ ತಗುಲಿಲ್ಲವೆಂದು ಖಚಿತವಿತ್ತು. ಅಂಪೈರರೊಡನೆ ಮಾತನಾಡಿ ಟೇಲರ್‌ರನ್ನು ಮರಳಿ ಕರೆಸಿದರು. ಆ ಜೋಡಿ 171 ರನ್ ಕೂಡಿಸಿತು. ಇಂಗ್ಲೆಂಡ್ 10 ವಿಕೆಟ್‌ಗಳಿಂದ ಗೆದ್ದಿತು. ವಿಶ್ವನಾಥರು ಬಿಟ್ಟುಕೊಟ್ಟದ್ದು ಸ್ವಂತದ್ದಲ್ಲ, ಹನ್ನೊಂದು ಜನರ ಲಾಭವನ್ನು. ಆದರೂ ಆ ಟೆಸ್ಟಿನ ಮಾತು ಬಂದಾಗ ಇಂದಿಗೂ ಜನ ನೆನೆಯುವುದು ಆ ಗಳಿಗೆಯನ್ನು. ಹಾಗೆ ನೆನೆಯುವಾಗ ಸೋಲಿಗೆ ಯಾರೂ ಅವರನ್ನು ಬಯ್ಯುವುದನ್ನು ನಾನು ಕೇಳಿಲ್ಲ.

ಆದರೆ ವಿಶ್ವನಾಥರು ನಾಯಕರು. ತಂಡದ ಪರವಾಗಿ ಮನವಿ ಮಾಡುವ ಹಕ್ಕೂ, ಹಿಂತೆಗೆದುಕೊಳ್ಳುವ ಹಕ್ಕೂ ಅವರದೇ ಆಗಿತ್ತು. ಹನ್ನೊಂದು ವರ್ಷದ ಹುಡುಗನಿಗೆ ಆ ಹಕ್ಕನ್ನು ಯಾರು ಕೊಟ್ಟಾರು? ಈ ಗಂಟು ಬಹಳ ದಿನ ನನ್ನನ್ನು ಕಾಡಿತು. ಬಿಡಿಸಿದ್ದು ನಮ್ಮ ಮನೆಗಳಲ್ಲಿ ಮಕ್ಕಳು ತೊಟ್ಟಿಲಿನಿಂದಲೇ ಕೇಳಿ ಬೆಳೆಯುವ ಪುಣ್ಯಕೋಟಿಯ ಕತೆ. ಹಸು ಹುಲಿಗೆ ಮಾತು ಕೊಟ್ಟು, ಮಾತಿನಂತೆ ಮರಳಿ ಹೋಯಿತೆಂದು ನಾವು ಹೊಗಳುತ್ತೇವೆ. ಆ ಸತ್ಯದ ಬೆಲೆ ತೆರಬೇಕಾಗಿದ್ದುದು ಹಸುವೊಂದೇ ಅಲ್ಲ, ಅದರ ಕರುವೂ ಹೌದು. ಅದಕ್ಕಾಗಿಯೇ ಪುಣ್ಯಕೋಟಿ ನೇರವಾಗಿ ಹುಲಿಯ ಬಾಯಿಗೆ ನಡೆಯಲಿಲ್ಲ. ಮೊದಲು ದೊಡ್ಡಿಗೆ ಬಂತು, ಕರುವಿಗೆ ವಿಷಯ ತಿಳಿಸಿತು, ತನ್ನ ಬಳಗದ ಹಸುಗಳಿಗೆ ಅದನ್ನು ಒಪ್ಪಿಸಿತು, ಆಮೇಲೆ ಹೋಯಿತು. ಸತ್ಯದ ಬೆಲೆಯಲ್ಲಿ ಪಾಲು ತೆರಬೇಕಾದವರಿಗೆ ಮುಂಚಿತವಾಗಿ ಹೇಳುವುದೂ ಸತ್ಯದ ಒಂದು ಭಾಗ. ಈ ಭಾಗವನ್ನು ನಾವು ಮಕ್ಕಳಿಗೆ ಬಿಡಿಸಿ ಹೇಳಿದ್ದು ಕಡಿಮೆ.

ಆದ್ದರಿಂದಲೇ ನನ್ನ ಮಾತು "ಸೇರುವ ಮೊದಲು" ಎಂಬುದರ ಮೇಲೆ ನಿಂತಿದೆ. ಹನ್ನೊಂದು ವರ್ಷದ ಹುಡುಗ, ಅರ್ಧ ನಿಮಿಷದಲ್ಲಿ, ಗೆಳೆಯರೆಲ್ಲ ಮೈಮೇಲೆ ಬಿದ್ದು ಕುಣಿಯುತ್ತಿರುವಾಗ, ಒಬ್ಬನೇ ಧರ್ಮಾಧರ್ಮ ವಿವೇಚನೆ ಮಾಡಬೇಕೆಂದು ನಿರೀಕ್ಷಿಸುವುದು ಕ್ರೌರ್ಯ. ದೊಡ್ಡವನಾದ ನನ್ನ ಕೈಗಳೇ ಆ ಅರ್ಧ ನಿಮಿಷದಲ್ಲಿ ಚಪ್ಪಾಳೆ ತಟ್ಟಲಿಲ್ಲವೆ? ಯೋಚನೆ ಮನೆಯಲ್ಲಿ ಮುಗಿದಿರಬೇಕು, ತಂಡದಲ್ಲಿ ಮಾತಾಗಿರಬೇಕು. ಮೊದಲ ಅಭ್ಯಾಸದ ದಿನ ಹುಡುಗರನ್ನು ಸುತ್ತ ಕೂರಿಸಿ, "ನಮ್ಮ ತಂಡದಲ್ಲಿ ಕೈ ತಗುಲಿದರೆ ತಗುಲಿದವನು ಹೇಳುತ್ತಾನೆ, ಹೇಳಿದವನನ್ನು ಯಾರೂ ಬಯ್ಯುವುದಿಲ್ಲ" ಎಂದು ಒಪ್ಪಂದ ಮಾಡಿಕೊಂಡರೆ ಐದು ನಿಮಿಷವೂ ಬೇಡ. ಆಮೇಲೆ ಹೇಳುವ ಹುಡುಗ ಗೆಳೆಯರ ಜೇಬಿನಿಂದ ದಾನ ಮಾಡಿದಂತಾಗುವುದಿಲ್ಲ. ಎಲ್ಲರೂ ಸೇರಿ ಕೊಟ್ಟ ಮಾತನ್ನು ಎಲ್ಲರ ಪರವಾಗಿ ಅವನು ಉಳಿಸಿದಂತಾಗುತ್ತದೆ.

ಶುಲ್ಕ ಕಟ್ಟುವ ಮೊದಲು ಕೋಚನ್ನು ಒಂದು ಪ್ರಶ್ನೆ ಕೇಳಿ ಎಂದು ತಂದೆತಾಯಂದಿರಲ್ಲಿ ನನ್ನ ಕೋರಿಕೆ. ಮೈದಾನದ ಹುಲ್ಲು ಎಂಥದು, ಸಮವಸ್ತ್ರದ ಬಣ್ಣ ಯಾವುದು ಎಂದು ಕೇಳುವುದು ಇದ್ದೇ ಇದೆ. "ನಮ್ಮ ಹುಡುಗ ತನ್ನ ಕೈ ತಗುಲಿತೆಂದು ತಾನಾಗಿ ಹೇಳಿ ಗೋಲು ಕಳೆದರೆ ನೀವು ಅವನಿಗೆ ಏನು ಹೇಳುತ್ತೀರಿ?" ಎಂದು ಕೇಳಿ ನೋಡಿ. ಆ ಉತ್ತರದಿಂದ ಲೀಗಿನ ಬಗ್ಗೆ ತಿಳಿಯಬೇಕಾದ್ದೆಲ್ಲ ತಿಳಿದುಬಿಡುತ್ತದೆ.

ನಾಲ್ಕನೆಯ ಆಕ್ಷೇಪಣೆ ನಮ್ಮಂಥ ಹೊರನಾಡಿಗರದೇ. "ಈ ಊರಿನಲ್ಲಿ ನಮ್ಮ ಮಕ್ಕಳು ಮೊದಲೇ ಮೆತ್ತಗೆ. ಎಲ್ಲರೂ ನುಗ್ಗಿ ಕಿತ್ತುಕೊಳ್ಳುವಲ್ಲಿ ಇವರು ಸತ್ಯಸಂಧರಾಗಿ ನಿಂತರೆ ಬದುಕುವುದು ಹೇಗೆ?" ಎಂದು ಮಿತ್ರರೊಬ್ಬರು ಕೇಳಿದರು. ನುಗ್ಗಲಿ, ಯಾರು ಬೇಡವೆಂದರು? ಚೆಂಡಿಗಾಗಿ ಭುಜಕ್ಕೆ ಭುಜ ಕೊಟ್ಟು ಹೋರಾಡುವುದನ್ನು ಆಟದ ನಿಯಮವೇ ಒಪ್ಪುತ್ತದೆ. ಮೆತ್ತಗಿರುವುದಕ್ಕೂ ಸತ್ಯಕ್ಕೂ ಸಂಬಂಧವಿಲ್ಲ. ಗೆಳೆಯರ ಸಂಭ್ರಮದ ನಡುವಿನಿಂದ ಎದ್ದು ಬಂದು ರೆಫ್ರಿಯ ಮುಂದೆ ನಿಲ್ಲಲು ಎಂಥ ಎದೆ ಬೇಕು ಯೋಚಿಸಿ. ಅಲ್ಲದೆ, ನಮ್ಮ ಹಿಂದಿನವರು ಈ ಊರಿನಲ್ಲಿ ನೆಲೆಯೂರಿದ್ದು ಹೇಗೆ? ಹಗಲು ಉಡುಪಿ ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ಹುಡುಗರನ್ನು ಮಾಲೀಕರು ಗಲ್ಲೆಯ ಮೇಲೆ ಕೂರಿಸಿದ್ದು ಅವರು ನುಗ್ಗಾಟದಲ್ಲಿ ಗಟ್ಟಿಗರೆಂದಲ್ಲ. ಯಾರೂ ನೋಡದಾಗಲೂ ಇವನು ಲೆಕ್ಕ ಸರಿಯಾಗಿ ಹೇಳುತ್ತಾನೆ ಎಂಬ ನಂಬಿಕೆಯಿಂದ. ಭಾಷೆ, ಬಂಧು, ಆಸ್ತಿ ಏನೂ ಇಲ್ಲದ ಪರಸ್ಥಳದಲ್ಲಿ ಆ ನಂಬಿಕೆಯೇ ಅವರ ಬಂಡವಾಳವಾಗಿತ್ತು.

ಇನ್ನು ನಮ್ಮ ವಿಷಯ, ಅಂದರೆ ದೊಡ್ಡವರ ವಿಷಯ. ಮಕ್ಕಳ ಆಟದಲ್ಲಿ ಇಂದು ನಡೆಯುವ ಅತಿ ದೊಡ್ಡ ಮೋಸ ಮೈದಾನದೊಳಗಿನದಲ್ಲ, ಅರ್ಜಿಯ ಕಾಗದದಲ್ಲಿನದು. ಹದಿಮೂರರ ಹುಡುಗನನ್ನು ಹನ್ನೆರಡರ ಒಳಗಿನವನೆಂದು ಬರೆಸುವುದು. ನಮ್ಮ ದೇಶದಲ್ಲಿ ಇದು ಎಷ್ಟು ಬೆಳೆದಿದೆಯೆಂದರೆ, ಮೇಲ್ಮಟ್ಟದ ಕಿರಿಯರ ಪಂದ್ಯಗಳಲ್ಲಿ ಮಣಿಕಟ್ಟಿನ ಎಕ್ಸ್‌ರೇ ತೆಗೆದು, ಎಲುಬಿನ ಬೆಳವಣಿಗೆಯಿಂದ ವಯಸ್ಸನ್ನು ಅಂದಾಜು ಮಾಡಬೇಕಾಗಿ ಬಂದಿದೆ. ಮಗುವಿನ ಮಾತನ್ನೂ ತಂದೆಯ ಸಹಿಯನ್ನೂ ನಂಬಲಾಗದೆ ಎಲುಬನ್ನು ಕೇಳುವ ಕಾಲ ಬಂತಲ್ಲ! ಆ ವಯಸ್ಸಿನಲ್ಲಿ ಒಂದು ವರ್ಷದ ಅಂತರವೆಂದರೆ ತೂಕದಲ್ಲಿ, ಎತ್ತರದಲ್ಲಿ, ಓಟದಲ್ಲಿ ಬಹಳ ವ್ಯತ್ಯಾಸ. ಅದರ ಪೆಟ್ಟು ಬೀಳುವುದು ಎದುರಿಗಿರುವ ಚಿಕ್ಕ ಹುಡುಗನ ಮೇಲೆ. ಸುಳ್ಳು ಜನ್ಮದಿನಾಂಕ ಕಂಠಪಾಠ ಮಾಡಿಸಿ ಕಳಿಸಿದ ಹುಡುಗನಿಗೆ, ಕೈ ತಗುಲಿದರೆ ಹೇಳಪ್ಪ ಎಂದು ಯಾವ ಬಾಯಿಂದ ಹೇಳುವುದು?

ಮೊಮ್ಮಗನ ಪ್ರಶ್ನೆಗೆ ಅಂದು ರಾತ್ರಿ ನಾನು ಉತ್ತರ ಕೊಡಲಿಲ್ಲವೆಂದು ಹೇಳಿದೆನಷ್ಟೆ. ಮಾರನೆಯ ದಿನ ಬೆಳಿಗ್ಗೆ ಅವನು ಶಾಲೆಗೆ ಹೊರಡುವಾಗ, "ಚೆಂಡು ನಿನ್ನ ಕೈಗೆ ತಗುಲಿದ್ದನ್ನು ನಾನೂ ನೋಡಿದ್ದೆ. ನೋಡಿಯೂ ಚಪ್ಪಾಳೆ ತಟ್ಟಿದೆ. ತಪ್ಪು ಮಾಡಿದೆ" ಎಂದು ಹೇಳಿದೆ. ಅವನು ಬೂಟಿನ ದಾರ ಕಟ್ಟುತ್ತಿದ್ದವನು ತಲೆಯೆತ್ತಿ, "ನೀವೂ ನೋಡಿದ್ರಾ?" ಎಂದಷ್ಟೇ ಕೇಳಿದ. ಅವನ ಮುಖದಲ್ಲಿದ್ದುದು ಸಿಟ್ಟೋ ಸಮಾಧಾನವೋ ನನಗೆ ತಿಳಿಯಲಿಲ್ಲ.

ಪಂದ್ಯದ ಫಲಿತಾಂಶ ಬದಲಾಗುವಂತಿರಲಿಲ್ಲ. ಆದರೆ ಮೂರು ವಾರಗಳ ನಂತರ ಆ ತಂಡವೂ ಅದೇ ಮೈದಾನಕ್ಕೆ ಬಂದಿತ್ತು. ನನ್ನ ಕೈಯಲ್ಲಿ ನೀರಿನ ಬಾಟಲಿ ಕೊಟ್ಟು ಮೊಮ್ಮಗ ನೇರವಾಗಿ ಆ ಗೋಲ್‌ಕೀಪರ್ ಹುಡುಗನ ಬಳಿಗೆ ಹೋದ. ಏನು ಮಾತಾಯಿತೆಂದು ದೂರದಿಂದ ಕೇಳಿಸಲಿಲ್ಲ. ಬಂದ ಮೇಲೆ ಕೇಳಿದೆ. "ಅವತ್ತು ನನ್ನ ಕೈಗೆ ತಗುಲಿತ್ತು ಅಂದೆ. ಅವನು, ನನಗೆ ಗೊತ್ತಿತ್ತು, ಆದ್ರೆ ನಮ್ಮ ಸರ್ ನಂಬಲಿಲ್ಲ, ಅವರಿಗೂ ಹೇಳ್ತೀಯಾ ಅಂತ ಕೇಳಿದ. ಹೋಗಿ ಹೇಳಿದೆ" ಎಂದ. ತಡವಾಗಿ ಹೇಳಿದ ಸತ್ಯದಿಂದ ಗೋಲು ಅಳಿಯುವುದಿಲ್ಲ ಎಂದು ಮೇಲೆ ಬರೆದೆ. ಅದು ನಿಜವೇ. ಆದರೆ ಸುಳ್ಳುಗಾರನೆನಿಸಿಕೊಂಡು ಮೂರು ವಾರ ಕಳೆದ ಒಬ್ಬ ಹುಡುಗನ ಹೆಸರು ಅದರಿಂದ ಶುದ್ಧವಾಗುತ್ತದೆ ಎಂಬುದನ್ನು ನಾನು ಮೊಮ್ಮಗನಿಂದ ಕಲಿತೆ.

ಪಟ್ಟಿ ಕೇಳಿದ ಆ ಸದಸ್ಯೆಗೆ ಈಗ ಬಿಟ್ಟುಹೋದ ಸಾಲನ್ನು ಸೇರಿಸಿ ಕೊಡುತ್ತಿದ್ದೇನೆ. ಶಿನ್‌ಗಾರ್ಡ್, ನೀರು, ಸರಿಯಾದ ಅಳತೆಯ ಬೂಟು ಎಲ್ಲವೂ ಇರಲಿ. ಜೊತೆಗೆ, ಲೀಗಿಗೆ ಸೇರುವ ಹಿಂದಿನ ಸಂಜೆ ಮಗನನ್ನು ಬಳಿಯಲ್ಲಿ ಕೂರಿಸಿಕೊಂಡು ಇಷ್ಟು ಕೇಳಿ: "ಚೆಂಡು ನಿನ್ನ ಕೈಗೆ ತಗುಲಿ ಗೋಲಾಯಿತು, ರೆಫ್ರಿ ನೋಡಲಿಲ್ಲ. ಏನು ಮಾಡುತ್ತೀ?" ಉತ್ತರವನ್ನು ನೀವು ಹೇಳಿಕೊಡಬೇಡಿ, ಅವನು ಯೋಚಿಸಲಿ. ಅವನು ತಿರುಗಿ, "ನೀವು ಏನು ಮಾಡ್ತೀರಿ?" ಎಂದು ಕೇಳಿಯಾನು. ಅದಕ್ಕೆ ಮಾತ್ರ ಉತ್ತರ ಸಿದ್ಧವಾಗಿಟ್ಟುಕೊಂಡು ಕುಳಿತುಕೊಳ್ಳಿ.